ಮರಳಿ ಬಂದವರಿಗೆ ಕುರ್ಚಿ ಎಲ್ಲಿದೆ?

ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುವವರ ಮುಂದೆ ಒಬ್ಬನೇ ಮನುಷ್ಯ ಎರಡು ಕಡತಗಳಾಗಿ ಬಂದು ಕೂರುವುದುಂಟು. ಮೊದಲನೆಯದು ವಿದೇಶ ನಿಯೋಜನೆಯ ಕಡತ. ಅದರ ಕೊನೆಯ ಹಾಳೆಯಲ್ಲಿ ‘ನಿಯೋಜನೆ ಯಶಸ್ವಿ’ ಎಂಬ ಷರಾ ಇರುತ್ತದೆ. ಹೋದವರು ಪೂರ್ಣಾವಧಿ ಮುಗಿಸಿದರು, ವಹಿಸಿದ ಕೆಲಸ ಆಯಿತು, ಸಾಮಾನು ಸಾಗಣೆಯ ಬಿಲ್ಲು ಪಾವತಿಯಾಯಿತು. ಎರಡನೆಯದು ರಾಜೀನಾಮೆಯ ಕಡತ. ಮೊದಲನೆಯದು ಮುಚ್ಚಿ ಬಹಳ ಕಾಲ ಆಗಿರುವುದಿಲ್ಲ, ಆಗಲೇ ಇದು ತೆರೆದುಕೊಳ್ಳುತ್ತದೆ. ಕಾರಣದ ಕಾಲಂನಲ್ಲಿ ‘ಉತ್ತಮ ಅವಕಾಶ’ ಎಂದಷ್ಟೇ ಬರೆದಿರುತ್ತದೆ. ಈ ಕಡತಗಳನ್ನು ನೋಡುವ ಜನ ಬೇರೆ ಬೇರೆ, ಅವು ಕೂರುವ ಕಪಾಟುಗಳೂ ಬೇರೆ. ಹಾಗಾಗಿ ಒಂದರ ಯಶಸ್ಸಿಗೂ ಇನ್ನೊಂದರ ನಷ್ಟಕ್ಕೂ ನಂಟಿದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಕೆಲಸದ ಸ್ವರೂಪದಿಂದಾಗಿ ಎರಡೂ ಕಡತಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಒಂದೇ ಹೆಸರನ್ನು ಎರಡು ಕಡೆ ಓದಿದಾಗಲೆಲ್ಲ ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಬ್ಬ ಉದ್ಯೋಗಿಯನ್ನು ಬೇರೆ ದೇಶಕ್ಕೆ ಕಳುಹಿಸುವುದು ಕಂಪನಿಯೊಂದು ಮನುಷ್ಯರ ಮೇಲೆ ಮಾಡುವ ಅತ್ಯಂತ ದುಬಾರಿ ಹೂಡಿಕೆಗಳಲ್ಲಿ ಒಂದು. ಸಂಬಳದ ಜೊತೆಗೆ ಮನೆ ಬಾಡಿಗೆ, ಮಕ್ಕಳ ಶಾಲೆ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ಟು, ಎರಡು ದೇಶಗಳ ತೆರಿಗೆ ಸಲಹೆಗಾರರ ಶುಲ್ಕ ಎಲ್ಲವೂ ಸೇರುತ್ತವೆ. ಅಷ್ಟು ಸುರಿದು ಬೆಳೆಸಿದ ಮನುಷ್ಯ, ಬೆಳೆ ಕೈಗೆ ಬರುವ ಹೊತ್ತಿಗೆ ಪ್ರತಿಸ್ಪರ್ಧಿಯ ಕಚೇರಿಗೆ ನಡೆದುಬಿಡುತ್ತಾನೆ. ಆದರೂ ಕಾಗದದಲ್ಲಿ ಅದು ಯಶಸ್ಸಾಗಿಯೇ ಉಳಿಯುತ್ತದೆ. ಏಕೆಂದರೆ ನಮ್ಮ ಕ್ಷೇತ್ರದಲ್ಲಿ ನಿಯೋಜನೆಯ ಸೋಲು ಎಂದರೆ ಅವಧಿಗೆ ಮುನ್ನ ಮರಳುವುದು, ಅಷ್ಟೇ. ಸರಿಯಾದ ಸಮಯಕ್ಕೆ ಮರಳಿ ನಂತರ ಕಳೆದುಹೋದವರನ್ನು ಎಣಿಸಲು ನಾವು ಒಂದು ಕಾಲಂ ಕೂಡ ಇಟ್ಟುಕೊಂಡಿಲ್ಲ.

ಒಂದು ಅಂಕಿಯ ಸಂಚಾರ

ಈ ಕ್ಷೇತ್ರದ ತರಬೇತಿಗಳಿಗೆ ಹೋದವರೆಲ್ಲ ಒಂದು ಸ್ಲೈಡ್ ನೋಡಿಯೇ ಇರುತ್ತಾರೆ: ವಿದೇಶಕ್ಕೆ ಹೋದವರಲ್ಲಿ ಶೇ 25ರಿಂದ 40ರಷ್ಟು ಮಂದಿ ವಿಫಲರಾಗಿ ಅವಧಿಗೆ ಮುನ್ನ ಮರಳುತ್ತಾರೆ. ಎದೆ ಧಸಕ್ಕೆನ್ನುವ ಅಂಕಿ. ಹೊರದೇಶದ ರೀತಿನೀತಿ ಕಲಿಸುವ ಸಾಂಸ್ಕೃತಿಕ ತರಬೇತಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು. 1995ರಲ್ಲಿ ಆನ್-ವಿಲ್ ಹಾರ್ಜಿಂಗ್ ಎಂಬ ಸಂಶೋಧಕಿ ಈ ಅಂಕಿಯ ಮೂಲ ಹುಡುಕುತ್ತ ಹಿಂದಕ್ಕೆ ನಡೆದರು. ಒಂದು ಲೇಖನ ಇನ್ನೊಂದನ್ನು ಉಲ್ಲೇಖಿಸಿತ್ತು, ಅದು ಮತ್ತೊಂದನ್ನು, ಆ ಮತ್ತೊಂದು ತನಗಿಂತ ಹಿಂದಿನದನ್ನು. ಹಾದಿ ಹಿಡಿದು ಹೋದರೆ ಕೊನೆಯಲ್ಲಿ ಗಟ್ಟಿ ನೆಲವೇ ಇರಲಿಲ್ಲ. ಅಷ್ಟು ದೊಡ್ಡ ಪ್ರಮಾಣದ ಸೋಲಿಗೆ ಸಮೀಕ್ಷೆಯ ಆಧಾರ ಬಹುಮಟ್ಟಿಗೆ ಇಲ್ಲವೆಂದೂ, ಅಜಾಗರೂಕ ಉಲ್ಲೇಖಗಳೇ ಅದನ್ನು ಜೀವಂತ ಇಟ್ಟಿವೆಯೆಂದೂ ಅವರು ಬರೆದರು.

ಇದ್ದ ಕೆಲವೇ ಗಟ್ಟಿ ಅಧ್ಯಯನಗಳಲ್ಲಿ ಒಂದು ರೊಸಾಲಿ ಟಂಗ್ ಅವರದು. 1980ರ ದಶಕದ ಆರಂಭದಲ್ಲಿ ಅವರು ಅಮೆರಿಕ, ಪಶ್ಚಿಮ ಯುರೋಪ್ ಮತ್ತು ಜಪಾನಿನ ಬಹುರಾಷ್ಟ್ರೀಯ ಕಂಪನಿಗಳನ್ನು ವಿಚಾರಿಸಿದ್ದರು. ಅಮೆರಿಕದ 80 ಕಂಪನಿಗಳಲ್ಲಿ, ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾದ ಪ್ರಮಾಣ ಶೇ 20ರಿಂದ 40ರಷ್ಟಿದ್ದದ್ದು ಶೇ 7ರಷ್ಟು ಕಂಪನಿಗಳಲ್ಲಿ ಮಾತ್ರ. ಶೇ 69ರಷ್ಟು ಕಂಪನಿಗಳಲ್ಲಿ ಅದು ಶೇ 10ರಿಂದ 20. ಉಳಿದವುಗಳಲ್ಲಿ ಶೇ 10ಕ್ಕೂ ಕಡಿಮೆ. ಯುರೋಪ್ ಮತ್ತು ಜಪಾನಿನ ಬಹುಪಾಲು ಕಂಪನಿಗಳಲ್ಲಿ ಶೇ 5ನ್ನೂ ದಾಟಿರಲಿಲ್ಲ. ಆ ಶೇ 7ರಷ್ಟು ಕಂಪನಿಗಳ ಪಾಡು ಕಾಲಕ್ರಮದಲ್ಲಿ ಎಲ್ಲ ಕಂಪನಿಗಳ, ಎಲ್ಲ ಕಾಲದ ಪಾಡಾಗಿ ಹರಡಿಕೊಂಡಿತು.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ತಪ್ಪು ಅಂಕಿಯೊಂದು ಇಷ್ಟು ದೀರ್ಘ ಕಾಲ ಬಾಳಿದ್ದು ಅದು ನಮಗೆ ಅನುಕೂಲಕರವಾಗಿದ್ದರಿಂದ. ಸೋಲೆಲ್ಲ ಆ ಕಡೆ, ದೂರದ ದೇಶದಲ್ಲಿ, ಪರಿಚಯವಿಲ್ಲದ ಭಾಷೆ ಮತ್ತು ನಡವಳಿಕೆಗಳ ನಡುವೆ ಸಂಭವಿಸುತ್ತದೆ ಎಂದು ಅದು ಹೇಳುತ್ತಿತ್ತು. ಹಾಗಿದ್ದರೆ ಕೇಂದ್ರ ಕಚೇರಿಯ ಪಾತ್ರ ಹೋಗುವವರನ್ನು ಸರಿಯಾಗಿ ತಯಾರು ಮಾಡುವುದಕ್ಕೆ ಮುಗಿಯುತ್ತದೆ. ಆದರೆ ನಾನು ಕಂಡ ನಷ್ಟ ನಡೆದದ್ದು ಕೇಂದ್ರ ಕಚೇರಿಯ ಒಳಗೇ. ಎಲ್ಲರಿಗೂ ಎಲ್ಲರ ಭಾಷೆ ಅರ್ಥವಾಗುವ ಜಾಗದಲ್ಲಿ.

ಕಳುಹಿಸುವುದು ಏತಕ್ಕೆ

ಯಾರನ್ನಾದರೂ ಕಳುಹಿಸುವ ಮುನ್ನ ಏತಕ್ಕೆ ಎಂದು ಕೇಳಿದರೆ ಉತ್ತರ ಸುಲಭವಾಗಿ ಬರುತ್ತದೆ, ಆದರೆ ಒಂದೊಂದು ಬಾಯಿಂದ ಒಂದೊಂದು. 1977ರಲ್ಲಿ ಆಂಡರ್ಸ್ ಎಡ್‌ಸ್ಟ್ರೋಮ್ ಮತ್ತು ಜೇ ಗಾಲ್‌ಬ್ರೇತ್ ಯುರೋಪಿನ ಬಹುರಾಷ್ಟ್ರೀಯ ಕಂಪನಿಗಳನ್ನು ನೋಡಿ ಮೂರು ಉದ್ದೇಶಗಳನ್ನು ಗುರುತಿಸಿದರು. ಅಲ್ಲಿ ಸ್ಥಳೀಯವಾಗಿ ತಕ್ಕ ವ್ಯಕ್ತಿ ಸಿಗದಿದ್ದಾಗ ಹುದ್ದೆ ತುಂಬುವುದು ಒಂದು. ಕಳುಹಿಸಿದ ಅಧಿಕಾರಿಯನ್ನು ಬೆಳೆಸುವುದು ಇನ್ನೊಂದು. ಮೂರನೆಯದು ಸಂಸ್ಥೆಯನ್ನೇ ಬೆಳೆಸುವುದು. ಜನ ಒಂದೂರಿನಿಂದ ಇನ್ನೊಂದೂರಿಗೆ ಓಡಾಡಿದಷ್ಟೂ ಶಾಖೆಗಳ ನಡುವೆ ಪರಿಚಯದ ಬಲೆ ಹೆಣೆದುಕೊಳ್ಳುತ್ತದೆ, ಆದೇಶ ಹೊರಡಿಸದೆಯೇ ಕೆಲಸಗಳು ಹೊಂದಿಕೊಂಡು ನಡೆಯುತ್ತವೆ ಎಂಬುದು ಅವರ ವಾದ.

ಮೊದಲ ಉದ್ದೇಶ ಮನುಷ್ಯ ಅಲ್ಲಿರುವಷ್ಟು ದಿನವೂ ಈಡೇರುತ್ತಿರುತ್ತದೆ. ಎರಡನೆಯದೂ ಮೂರನೆಯದೂ ಫಲ ಕೊಡುವುದು ಅವನು ಮರಳಿದ ಮೇಲೆ. ಬೆಳೆಸಿದ ಅಧಿಕಾರಿಯನ್ನು ಬಳಸುವುದು ಆಗ; ಹೆಣೆದ ಪರಿಚಯಗಳು ಕೆಲಸಕ್ಕೆ ಬರುವುದು ಆಗ. ಕಂಪನಿಗಳ ವಾರ್ಷಿಕ ವರದಿಗಳಲ್ಲಿ ‘ಜಾಗತಿಕ ನಾಯಕತ್ವ’ದ ಮಾತು ಬರುವಾಗಲೆಲ್ಲ ಈ ಎರಡು ಉದ್ದೇಶಗಳೇ ಮುಂದಿರುತ್ತವೆ. ನಿಯೋಜನೆಯ ಪತ್ರ ಟೈಪ್ ಆಗುವಾಗ ಮಾತ್ರ ಮೊದಲನೆಯದೊಂದೇ ಉಳಿದಿರುತ್ತದೆ. ಹುದ್ದೆಯ ಹೆಸರು, ಅವಧಿ, ಭತ್ಯೆ, ಜವಾಬ್ದಾರಿಗಳು. ಕೊನೆಯಲ್ಲಿ ಒಂದು ಸಾಲು: ‘ಅವಧಿ ಮುಗಿದ ನಂತರ ಸೂಕ್ತ ಹುದ್ದೆ ನೀಡಲು ಪ್ರಯತ್ನಿಸಲಾಗುವುದು.’ ಆ ಒಂದು ಸಾಲಿನ ಮೇಲೆ ಒಂದು ಸಂಸಾರದ ಮುಂದಿನ ಬದುಕು ನಿಂತಿರುತ್ತದೆ. ಅದನ್ನು ಓದಿಕೊಂಡೇ ಜನ ಸಹಿ ಹಾಕುತ್ತಾರೆ, ಏಕೆಂದರೆ ಹೊರಡುವ ಸಡಗರದಲ್ಲಿ ಮರಳುವ ದಿನ ಬಹಳ ದೂರ ಕಾಣುತ್ತದೆ.

ಹಣದ ಭಾಗದಲ್ಲಿ ಮಾತ್ರ ಈ ಅಸ್ಪಷ್ಟತೆ ಇರುವುದೇ ಇಲ್ಲ. ‘ಬ್ಯಾಲೆನ್ಸ್ ಶೀಟ್’ ವಿಧಾನದಲ್ಲಿ ತವರು ದೇಶದ ಸಂಬಳವನ್ನು ತೆರಿಗೆ, ವಸತಿ, ದಿನಬಳಕೆ, ಉಳಿತಾಯ ಎಂದು ಬಿಡಿಸಿ, ಹೊಸ ದೇಶದಲ್ಲಿ ಹೆಚ್ಚಾಗುವ ವೆಚ್ಚವನ್ನು ಕಂಪನಿ ತುಂಬಿಕೊಡುತ್ತದೆ. ತೆರಿಗೆ ಸಮೀಕರಣದಲ್ಲಿ, ತವರಿನಲ್ಲೇ ಇದ್ದಿದ್ದರೆ ಕಟ್ಟುತ್ತಿದ್ದಷ್ಟನ್ನು ಕಾಲ್ಪನಿಕ ತೆರಿಗೆಯೆಂದು ಸಂಬಳದಲ್ಲಿ ಹಿಡಿದುಕೊಂಡು, ನಿಜವಾದ ತೆರಿಗೆಯನ್ನು ಕಂಪನಿಯೇ ಕಟ್ಟುತ್ತದೆ. ಅಲ್ಪಾವಧಿಗೆ ಹೋಗುವವರಿಗೆ ಆ ದೇಶದ ತೆರಿಗೆ ವಿನಾಯಿತಿಗೆ ಇರುವ 183 ದಿನಗಳ ಮಿತಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುವವರಿದ್ದಾರೆ. (ದಿನ ಎಣಿಸಿದರೆ ಸಾಕೆಂದು ಅನೇಕರು ನಂಬಿದ್ದಾರೆ. ಹಲವು ತೆರಿಗೆ ಒಪ್ಪಂದಗಳಿಗೆ ಆಧಾರವಾದ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಮಾದರಿಯಲ್ಲಿ ಇನ್ನೆರಡು ಷರತ್ತುಗಳಿವೆ: ಸಂಬಳ ಕೊಡುವವರು ಹೋದ ದೇಶದ ನಿವಾಸಿಯಾಗಿರಬಾರದು, ಆ ಸಂಬಳದ ಹೊರೆ ಅಲ್ಲಿರುವ ಕಂಪನಿಯ ಕಾಯಂ ನೆಲೆಯ ಮೇಲೆ ಬೀಳಬಾರದು. ಮೂರೂ ಕೂಡಿದರೆ ಮಾತ್ರ ಆ ದೇಶದ ತೆರಿಗೆಯಿಂದ ವಿನಾಯಿತಿ.) ಇಷ್ಟು ಸೂಕ್ಷ್ಮ ಲೆಕ್ಕ ಹಾಕಬಲ್ಲ ಸಂಸ್ಥೆಗೆ ಮರಳಿ ಬಂದವರು ಯಾರ ಕೈಕೆಳಗೆ ಏನು ಕೆಲಸ ಮಾಡಬೇಕೆಂದು ಮೊದಲೇ ಯೋಚಿಸಲು ಆಗುವುದಿಲ್ಲ ಎಂಬುದನ್ನು ನಾನು ಒಪ್ಪಲಾರೆ. ಆಗುತ್ತದೆ. ಯೋಚಿಸುವ ಕೆಲಸ ಯಾರದೆಂದು ಹೇಳಿಲ್ಲ, ಅಷ್ಟೇ.

ಆ ಕೊಠಡಿಯಲ್ಲಿ ಕೇಳಿದ ಪ್ರಶ್ನೆ

ಹೊರಡುವ ಮುನ್ನ ನಡೆಯುವ ಪರಿಚಯ ಶಿಬಿರಗಳಿಗೆ ಗಂಡ ಹೆಂಡತಿ ಇಬ್ಬರನ್ನೂ ಕರೆಯುವ ಪದ್ಧತಿ ಒಳ್ಳೆಯದೇ. ಅಂಥ ಒಂದು ಶಿಬಿರದ ಮಧ್ಯಾಹ್ನದ ಅವಧಿ ನನಗೆ ಚೆನ್ನಾಗಿ ನೆನಪಿದೆ. ಮನೆ ಹುಡುಕುವುದು, ಶಾಲೆಗೆ ಸೇರಿಸುವುದು, ಚಾಲನಾ ಪರವಾನಗಿ ಬದಲಿಸಿಕೊಳ್ಳುವುದು, ಆರೋಗ್ಯ ವಿಮೆಯ ಕಾರ್ಡು ಎಲ್ಲವನ್ನೂ ಹೇಳಿ ಮುಗಿಸಿ, ಪ್ರಶ್ನೆಗಳಿವೆಯೇ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮಹಿಳೆ ಕೈ ಎತ್ತಿದರು. ಅವರು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ನಿಯೋಜನೆ ಅವರ ಗಂಡನದು.

“ನನ್ನ ಕೆಲಸದ ವಿಷಯ ಯಾರೊಂದಿಗೆ ಮಾತನಾಡಬೇಕು?” ಎಂದು ಕೇಳಿದರು.

ಶಿಬಿರ ನಡೆಸುತ್ತಿದ್ದವರು ಸೌಜನ್ಯದಿಂದಲೇ ಹೇಳಿದರು: “ಮೇಡಂ, ಅಲ್ಲಿ ಅವಲಂಬಿತರ ವೀಸಾದ ಮೇಲೆ ಕೆಲಸ ಮಾಡಲು ಅನುಮತಿ ಇಲ್ಲ. ಭಾಷಾ ತರಗತಿಗೆ ಬೇಕಾದರೆ ಕಂಪನಿ ಶುಲ್ಕ ಕೊಡುತ್ತದೆ.”

“ಅನುಮತಿ ಇಲ್ಲ ಎಂಬುದು ಗೊತ್ತಿದೆ. ವಾಪಸ್ ಬಂದ ಮೇಲೆ ಇಷ್ಟು ವರ್ಷ ಖಾಲಿ ಕೂತವಳನ್ನು ನನ್ನ ಆಸ್ಪತ್ರೆ ತೆಗೆದುಕೊಳ್ಳುತ್ತದೆಯೇ ಎಂದು ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದೀರಾ ಎಂದು ಕೇಳಿದೆ.”

ಕೊಠಡಿಯಲ್ಲಿದ್ದ ಉಳಿದ ಮಹಿಳೆಯರು ತಿರುಗಿ ಅವರತ್ತ ನೋಡಿದರು. ಗಂಡ ತಲೆ ತಗ್ಗಿಸಿ ಕೈಪಿಡಿಯ ಹಾಳೆ ತಿರುವಿದರು. ಉತ್ತರವಾಗಿ ‘ಪರಿಶೀಲಿಸಿ ತಿಳಿಸುತ್ತೇವೆ’ ಎಂಬ ಮಾತು ಬಂತು. ಆ ಪರಿಶೀಲನೆಗೆ ಕಂಪನಿಯಲ್ಲಿ ಒಂದು ಮೇಜೂ ಇರಲಿಲ್ಲ, ಒಬ್ಬ ಮನುಷ್ಯನೂ ಇರಲಿಲ್ಲ.

ಟಂಗ್ ಅವರ ಅಧ್ಯಯನದ ನಿಜವಾದ ತಿರುಳು ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ಅಮೆರಿಕದ ಕಂಪನಿಗಳು ಸೋಲಿಗೆ ಕೊಟ್ಟ ಮೊದಲ ಕಾರಣ ಹೆಂಡತಿ ಅಥವಾ ಗಂಡ ಹೊಂದಿಕೊಳ್ಳಲಾಗದ್ದು. ಅಧಿಕಾರಿ ತಾನೇ ಹೊಂದಿಕೊಳ್ಳಲಾಗದ್ದು ಎರಡನೆಯದು. ಕುಟುಂಬದ ಇತರ ತೊಂದರೆಗಳು ಮೂರನೆಯದು. ಕೆಲಸದ ಹೊಣೆ ಹೊರಲಾಗದ್ದು ಪಟ್ಟಿಯಲ್ಲಿ ಎಷ್ಟೋ ಕೆಳಗೆ ಬರುತ್ತದೆ. ಜಪಾನಿನ ಕಂಪನಿಗಳಲ್ಲಿ ಈ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಗಿತ್ತು. ವಿದೇಶದ ದೊಡ್ಡ ಹೊಣೆ ಹೊರಲಾಗದ್ದು ಅಲ್ಲಿ ಮೊದಲ ಕಾರಣ. ಅದನ್ನು ಓದಿ ಜಪಾನಿನ ಕುಟುಂಬಗಳು ಹೆಚ್ಚು ಗಟ್ಟಿ ಎಂದುಕೊಳ್ಳುವ ಮೊದಲು ಇನ್ನೊಂದು ಸಂಗತಿ ನೆನಪಿಡಬೇಕು: ವರ್ಗವಾದ ಉದ್ಯೋಗಿ ಕುಟುಂಬವನ್ನು ಬಿಟ್ಟು ಒಬ್ಬನೇ ಹೋಗಿ ನೆಲೆಸುವ ಪದ್ಧತಿಗೆ ಆ ದೇಶದಲ್ಲಿ ‘ತಾನ್‌ಶಿನ್ ಫುನಿನ್’ ಎಂಬ ಹೆಸರೇ ಇದೆ. ಕುಟುಂಬವನ್ನು ಕರೆದೊಯ್ಯದೆ ಇದ್ದಾಗ ಕುಟುಂಬದ ಕಷ್ಟ ಕಂಪನಿಯ ಪಟ್ಟಿಯಲ್ಲಿ ಕಾಣುವುದಾದರೂ ಹೇಗೆ?

ಮಕ್ಕಳ ಮಾತು ಬೇರೆಯೇ ಒಂದು ಬರಹಕ್ಕೆ ಆಗುವಷ್ಟಿದೆ. 1950ರ ದಶಕದಲ್ಲಿ ಜಾನ್ ಮತ್ತು ರೂತ್ ಯುಸೀಮ್ ದಂಪತಿ ಭಾರತದಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದರು. ಅಂಥ ಕುಟುಂಬಗಳ ಮಕ್ಕಳು ಅಪ್ಪ ಅಮ್ಮಂದಿರ ದೇಶಕ್ಕೂ ಪೂರ್ತಿ ಸೇರದೆ, ಬೆಳೆದ ದೇಶಕ್ಕೂ ಪೂರ್ತಿ ಸೇರದೆ ತಮ್ಮದೇ ಒಂದು ಮೂರನೆಯ ಲೋಕ ಕಟ್ಟಿಕೊಳ್ಳುವುದನ್ನು ರೂತ್ ಗುರುತಿಸಿದರು. ‘ಥರ್ಡ್ ಕಲ್ಚರ್ ಕಿಡ್ಸ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಶಾಲಾ ಶುಲ್ಕ ಭರಿಸಿದಲ್ಲಿಗೆ ಆ ಮಕ್ಕಳ ವಿಷಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ಮರಳುವ ವರ್ಷ ಮಗಳು ಯಾವ ತರಗತಿಯಲ್ಲಿರುತ್ತಾಳೆ, ಪರೀಕ್ಷೆಯ ನಡುವೆ ಪಠ್ಯಕ್ರಮ ಬದಲಾಗುತ್ತದೆಯೇ ಎಂದು ನಿಯೋಜನೆಯ ಅವಧಿ ನಿಗದಿ ಮಾಡುವಾಗಲೇ ಕೇಳಿದರೆ ಯಾರಿಗೂ ಒಂದು ಕಾಸಿನ ಖರ್ಚಿಲ್ಲ.

ಅಲ್ಲಿಯವರ ಕಣ್ಣಿನಲ್ಲಿ

ಹೋದವರ ಕಷ್ಟವನ್ನೇ ಹೇಳುತ್ತ ಹೋದರೆ ಅಲ್ಲಿನ ಶಾಖೆಯಲ್ಲಿ ಮೊದಲಿನಿಂದ ದುಡಿಯುತ್ತಿರುವವರಿಗೆ ಅನ್ಯಾಯವಾಗುತ್ತದೆ. ಅವರ ಕಣ್ಣಿಗೆ ಕಾಣುವುದು ಇಷ್ಟು: ಕೇಂದ್ರ ಕಚೇರಿಯಿಂದ ಒಬ್ಬರು ಬರುತ್ತಾರೆ, ಪಕ್ಕದ ಮೇಜಿನಲ್ಲಿ ಅದೇ ಬಗೆಯ ಕೆಲಸ ಮಾಡುತ್ತ ಹಲವು ಪಟ್ಟು ಹಣ ಪಡೆಯುತ್ತಾರೆ, ಊರು ಮತ್ತು ಗಿರಾಕಿಗಳು ಪರಿಚಯವಾಗುವ ಹೊತ್ತಿಗೆ ಹೊರಟುಹೋಗುತ್ತಾರೆ. ಆಮೇಲೆ ಮತ್ತೊಬ್ಬರು ಬಂದು ಮತ್ತೆ ಮೊದಲಿನಿಂದ ಕಲಿಯುತ್ತಾರೆ. ಪ್ರತಿ ಸಲವೂ ಕಲಿಸುವ ಕೆಲಸ ಸ್ಥಳೀಯ ಉಪ ವ್ಯವಸ್ಥಾಪಕರದು. ಮುಖ್ಯಸ್ಥರ ಕುರ್ಚಿ ಮಾತ್ರ ಅವರಿಗೆ ಬರುವುದಿಲ್ಲ.

1969ರಲ್ಲಿ ಹೊವಾರ್ಡ್ ಪರ್ಲ್‌ಮಟರ್ ಬಹುರಾಷ್ಟ್ರೀಯ ಕಂಪನಿಗಳ ಮನೋಧರ್ಮವನ್ನು ಮೂರಾಗಿ ವಿಂಗಡಿಸಿದರು. ತವರಿನವರೇ ಎಲ್ಲ ಕಡೆ ಆಳಬೇಕೆನ್ನುವುದು ಒಂದು. ಆಯಾ ದೇಶವನ್ನು ಆಯಾ ದೇಶದವರಿಗೇ ಬಿಡುವುದು ಇನ್ನೊಂದು. ಯಾವ ದೇಶದವರಾದರೇನು, ಯೋಗ್ಯರು ಎಲ್ಲಿ ಬೇಕಾದರೂ ಹೋಗಬಲ್ಲರು ಎನ್ನುವುದು ಮೂರನೆಯದು. ಯಾವ ಕಂಪನಿಯನ್ನು ಕೇಳಿದರೂ ತಾನು ಮೂರನೆಯ ಸಾಲಿನಲ್ಲಿರುವುದಾಗಿ ಹೇಳುತ್ತದೆ. ನಾನು ನೋಡುವುದು ನಿಯೋಜನೆಗಳ ದಿಕ್ಕನ್ನು. ಕೇಂದ್ರದಿಂದ ಶಾಖೆಗೆ ಎಷ್ಟು ಜನ ಹೋದರು, ಶಾಖೆಯಿಂದ ಕೇಂದ್ರಕ್ಕೆ ಎಷ್ಟು ಜನ ಬಂದರು, ಹಾಗೆ ಬಂದವರಿಗೆ ತರಬೇತಿಯ ಹೆಸರಿನ ಕೆಲವು ತಿಂಗಳು ಸಿಕ್ಕಿತೋ ತೀರ್ಮಾನ ತೆಗೆದುಕೊಳ್ಳುವ ಹುದ್ದೆ ಸಿಕ್ಕಿತೋ. ಆ ಒಂದು ಪಟ್ಟಿ ಕಂಪನಿಯ ಎಲ್ಲ ಘೋಷಣೆಗಳಿಗಿಂತ ನಿಚ್ಚಳವಾಗಿ ಮಾತನಾಡುತ್ತದೆ.

ಮರಳಿಸುವ ಯೋಜನೆ ಇಲ್ಲದಿರುವುದು ಸ್ಥಳೀಯರಿಗೂ ಹೊಡೆತ ಕೊಡುತ್ತದೆ. ತವರಿನಲ್ಲಿ ಜಾಗ ಸಿದ್ಧವಿಲ್ಲದ ಅಧಿಕಾರಿಯ ಅವಧಿಯನ್ನು ಒಂದು ವರ್ಷ, ಇನ್ನೊಂದು ವರ್ಷ ಎಂದು ವಿಸ್ತರಿಸುತ್ತಾರೆ. ಅವರು ಹೋದ ಮೇಲೆ ನಿಮಗೇ ಎಂದು ಮಾತು ಕೊಟ್ಟಿದ್ದ ಸ್ಥಳೀಯ ಅಧಿಕಾರಿಯ ಬಡ್ತಿ ಅಷ್ಟಷ್ಟೇ ಮುಂದಕ್ಕೆ ಹೋಗುತ್ತದೆ. ಕಾದು ಬೇಸತ್ತು ಅವರೂ ಒಂದು ದಿನ ಬಿಡುತ್ತಾರೆ. ಒಂದು ಖಾಲಿ ಕುರ್ಚಿಯ ಬಗ್ಗೆ ಯೋಚಿಸದ ತಪ್ಪಿಗೆ ಎರಡು ದೇಶಗಳಲ್ಲಿ ಇಬ್ಬರು ಅನುಭವಿಗಳು ಕೈತಪ್ಪುತ್ತಾರೆ.

ಸಭೆಯ ಕೊನೆಯ ಸಾಲು

ಹೊಸ ದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ಆಮೇಲೆ ಕುಗ್ಗಿ, ನಿಧಾನವಾಗಿ ಮೇಲೇಳುತ್ತದೆ ಎಂಬ ಮಾತನ್ನು ಈಗ ಎಲ್ಲರೂ ಬಲ್ಲರು. 1955ರಲ್ಲಿ ಸ್ವೆರ್ರೆ ಲಿಸ್ಗಾರ್ಡ್ ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಆ ದೇಶಕ್ಕೆ ಹೋಗಿಬಂದ ನಾರ್ವೆಯ ವಿದ್ವಾಂಸರನ್ನು ಮಾತನಾಡಿಸಿ ಈ ಏರಿಳಿತವನ್ನು ಬಿಡಿಸಿದ್ದರು. ಆರರಿಂದ ಹದಿನೆಂಟು ತಿಂಗಳು ಅಲ್ಲಿದ್ದವರು, ಅದಕ್ಕಿಂತ ಕಡಿಮೆ ಇದ್ದವರಿಗಿಂತಲೂ ಹೆಚ್ಚು ಇದ್ದವರಿಗಿಂತಲೂ ಹೊಂದಿಕೊಳ್ಳಲು ಹೆಚ್ಚು ಕಷ್ಟಪಟ್ಟಿದ್ದರು. 1963ರಲ್ಲಿ ಜಾನ್ ಮತ್ತು ಜೀನ್ ಗುಲ್ಲಹಾರ್ನ್ ಆ ಗೆರೆಯನ್ನು ಇನ್ನಷ್ಟು ಮುಂದಕ್ಕೆ ಎಳೆದರು. ಮರಳಿ ಬಂದ ಮೇಲೂ ಅಂಥದೇ ಇನ್ನೊಂದು ಇಳಿತ ಇದೆ ಎಂದು ತೋರಿಸಿದರು. ಮೊದಲನೆಯ ಇಳಿತಕ್ಕೆ ಶಿಬಿರಗಳಿವೆ, ಕೈಪಿಡಿಗಳಿವೆ, ಸಲಹೆಗಾರರಿದ್ದಾರೆ. ಎರಡನೆಯದು ಬಂದಾಗ ಉದ್ಯೋಗಿ ತನ್ನದೇ ಊರಿನಲ್ಲಿರುತ್ತಾನೆ. ಊರಿಗೆ ಬಂದವನಿಗೆ ಏನು ತೊಂದರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವನೂ ಹಾಗೆಯೇ ಅಂದುಕೊಂಡಿರುವುದರಿಂದ ತೊಂದರೆಯನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಭೆ ಇದೆ. ಒಂದು ದೇಶದಲ್ಲಿ ವ್ಯವಹಾರ ವಿಸ್ತರಿಸಬೇಕೋ ಬೇಡವೋ ಎಂಬುದು ಚರ್ಚೆಯ ವಿಷಯ. ಹೊರಗಿನ ಸಲಹಾ ಸಂಸ್ಥೆಯೊಂದರಿಂದ ಬರೆಯಿಸಿದ ದಪ್ಪ ವರದಿ ಎಲ್ಲರ ಮುಂದಿತ್ತು. ಅದೇ ದೇಶದಲ್ಲಿ ನಮ್ಮ ಶಾಖೆಯನ್ನು ವರ್ಷಗಟ್ಟಲೆ ನಡೆಸಿ ಆಗಷ್ಟೇ ಮರಳಿದ್ದ ಅಧಿಕಾರಿ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರಿಗಾಗ ‘ವಿಶೇಷ ಯೋಜನೆಗಳು’ ಎಂಬ ಹುದ್ದೆ. ಮರಳಿ ಬಂದು ಜಾಗ ಸಿಗದವರನ್ನು ಕೂರಿಸಲು ಬಹಳ ಕಡೆ ಇಂಥ ಹೆಸರಿನ ಹುದ್ದೆಗಳಿರುತ್ತವೆ; ಕೈಕೆಳಗೆ ಜನ ಇರುವುದಿಲ್ಲ, ಬಜೆಟ್ ಇರುವುದಿಲ್ಲ. ವರದಿಯಲ್ಲಿ ಸೂಚಿಸಿದ್ದ ವಿತರಕರ ಹೆಸರು ಬಂದಾಗ ಅವರು ಎದ್ದು ನಿಂತು, “ಇವರೊಂದಿಗೆ ನಾವು ಹಿಂದೆ ವ್ಯವಹರಿಸಿದ್ದೇವೆ. ಸರಕು ತಲುಪಿಸುತ್ತಾರೆ, ಹಣ ವಸೂಲಾಗುವುದಿಲ್ಲ. ಆ ದೇಶದ ನ್ಯಾಯಾಲಯದಲ್ಲಿ ಪ್ರಕರಣ ಎಳೆಯುತ್ತಲೇ ಇದೆ,” ಎಂದರು. ಅಧ್ಯಕ್ಷತೆ ವಹಿಸಿದ್ದವರು “ಅದನ್ನು ಆಮೇಲೆ ನೋಡೋಣ, ಮೊದಲು ವರದಿ ಪೂರ್ತಿ ಕೇಳೋಣ,” ಎಂದು ಮುಂದಿನ ಸ್ಲೈಡಿಗೆ ಹೋದರು. ಆ ‘ಆಮೇಲೆ’ ಸಭೆ ಮುಗಿಯುವವರೆಗೂ ಬರಲಿಲ್ಲ.

ಹೊರಗೆ ಬಂದ ಮೇಲೆ ಅವರು ನನ್ನೊಂದಿಗೆ ನಡೆಯುತ್ತ ಹೇಳಿದ ಮಾತಿನಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. “ಅಲ್ಲಿ ದೊಡ್ಡ ಒಪ್ಪಂದಗಳಿಗೆ ನಾನೇ ಸಹಿ ಹಾಕುತ್ತಿದ್ದೆ. ಇಲ್ಲಿ ಒಂದು ಪ್ರಿಂಟರ್ ತರಿಸಲು ಮೂವರ ಒಪ್ಪಿಗೆ ಬೇಕು. ಅದನ್ನು ಹೇಗೋ ಸಹಿಸಬಹುದು. ಮನೆ, ಕಾರು ಹೋದವು, ಅದೂ ಹೋಗಲಿ, ಮೊದಲೇ ಗೊತ್ತಿತ್ತು. ಆದರೆ ಆ ದೇಶದ ಬಗ್ಗೆ ಇವರಿಗೆ ಏನಾದರೂ ತಿಳಿಯಬೇಕಾದರೆ ಹೊರಗಿನವರಿಗೆ ದುಡ್ಡು ಕೊಟ್ಟು ಕೇಳುತ್ತಾರೆ. ನಾನು ಇದೇ ಮಹಡಿಯಲ್ಲಿ ಕೂತಿದ್ದೇನೆ.”

ಕೆಲವು ತಿಂಗಳಲ್ಲಿ ಅವರು ಬಿಟ್ಟರು. ‘ಉತ್ತಮ ಅವಕಾಶ.’ ಹೋದ ಕಡೆ ಅದೇ ಪ್ರದೇಶದ ಹೊಣೆ ಅವರಿಗೆ ಸಿಕ್ಕಿತು.

ಭತ್ಯೆ ನಿಂತದ್ದಕ್ಕೆ ಜನ ಬಿಡುತ್ತಾರೆ ಎಂದು ಲೆಕ್ಕಪತ್ರ ವಿಭಾಗದವರು ಹೇಳುವುದನ್ನು ಕೇಳಿದ್ದೇನೆ. ಭತ್ಯೆ ನಿಲ್ಲುತ್ತದೆ ಎಂಬುದು ಮೊದಲ ದಿನದಿಂದ ಗೊತ್ತಿರುವ ಸಂಗತಿ. ಅದಕ್ಕೆ ಮನಸ್ಸು ಸಿದ್ಧವಾಗಿರುತ್ತದೆ. ಸಿದ್ಧವಾಗಿರದಿದ್ದದ್ದು ತಾನು ಕಲಿತದ್ದು ಯಾರಿಗೂ ಬೇಡವಾಗಿದೆ ಎಂಬ ಅರಿವಿಗೆ. ಕಳುಹಿಸಿದ್ದ ಮೇಲಧಿಕಾರಿ ನಿವೃತ್ತರಾಗಿರುತ್ತಾರೆ ಅಥವಾ ಬೇರೆ ವಿಭಾಗಕ್ಕೆ ಹೋಗಿರುತ್ತಾರೆ. ವಿಭಾಗವೇ ಪುನರ್‌ರಚನೆಯಾಗಿರುತ್ತದೆ. ಜೊತೆಗಾರರು ಇಲ್ಲೇ ಇದ್ದು, ಕಣ್ಣಿಗೆ ಬಿದ್ದು, ಬಡ್ತಿ ಪಡೆದಿರುತ್ತಾರೆ. 1999ರಲ್ಲಿ ಸ್ಟುವರ್ಟ್ ಬ್ಲ್ಯಾಕ್ ಮತ್ತು ಹಾಲ್ ಗ್ರೆಗರ್ಸನ್, ನಿಯೋಜನೆ ಮುಗಿಸಿದವರಲ್ಲಿ ನಾಲ್ಕನೇ ಒಂದು ಭಾಗದಷ್ಟು ಜನ ಮರಳಿದ ವರ್ಷದೊಳಗೆ ಕಂಪನಿ ಬಿಟ್ಟಿದ್ದನ್ನು ತಮ್ಮ ಅಧ್ಯಯನದ ಆಧಾರದಲ್ಲಿ ಬರೆದರು. ಬಹಳ ಸಲ ಹೋದದ್ದು ಪ್ರತಿಸ್ಪರ್ಧಿಗಳ ಬಳಿಗೆ. ಆ ಪ್ರಮಾಣವೂ ಎಲ್ಲ ಕಾಲದ, ಎಲ್ಲ ಕಂಪನಿಗಳ ಪ್ರಮಾಣವಲ್ಲ. ಹಿಂದಿನ ಅಂಕಿಗೆ ಆದದ್ದು ಇದಕ್ಕೂ ಆಗಬಾರದು. ಆದರೆ ಯಾವ ಕಂಪನಿಯೂ ತನ್ನ ಅಂಕಿಯನ್ನು ತಾನೇ ತಿಳಿದುಕೊಳ್ಳಬಹುದು. ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಡಬೇಕು, ಅಷ್ಟೇ.

2002ರಲ್ಲಿ ಗುಂಟರ್ ಸ್ಟಾಲ್, ಎಡ್ವಿನ್ ಮಿಲ್ಲರ್ ಮತ್ತು ರೊಸಾಲಿ ಟಂಗ್ ಜರ್ಮನಿಯ ನಿಯೋಜಿತ ಅಧಿಕಾರಿಗಳನ್ನು ವಿಚಾರಿಸಿದಾಗ, ವಿದೇಶದ ಅನುಭವ ತಮ್ಮ ವೃತ್ತಿಗೆ ಒಳಿತು ಮಾಡುತ್ತದೆ ಎಂದು ಅವರಲ್ಲಿ ಬಹುಪಾಲು ಜನ ನಂಬಿದ್ದರು. ಆ ಒಳಿತು ತಮ್ಮ ಕಂಪನಿಯ ಒಳಗೇ ಸಿಗುತ್ತದೆ ಎಂಬ ನಂಬಿಕೆ ಅಷ್ಟು ಇರಲಿಲ್ಲ. ಅಂದರೆ ಜನ ಕಣ್ಣು ತೆರೆದುಕೊಂಡೇ ಹೋಗುತ್ತಾರೆ. ಕಲಿಯುತ್ತೇವೆ, ಇಲ್ಲಿ ಬೆಲೆ ಸಿಗದಿದ್ದರೆ ಸಿಗುವ ಕಡೆ ಹೋಗುತ್ತೇವೆ ಎಂದು. ಅವರನ್ನು ನಿಷ್ಠೆಯಿಲ್ಲದವರು ಎಂದು ದೂರುವವರ ಜೊತೆ ನಾನಿಲ್ಲ.

ಪತ್ರದಲ್ಲಿ ಇರಬೇಕಾದ್ದು

ಈ ಮಾತು ತೆಗೆದಾಗ ಎದುರಾಗುವ ವಾದ ಒಂದಿದೆ: ಮೂರು ವರ್ಷದ ಮೇಲೆ ಯಾವ ಹುದ್ದೆ ಖಾಲಿ ಇರುತ್ತದೆ ಎಂದು ಇವತ್ತು ಹೇಗೆ ಮಾತು ಕೊಡುವುದು? ನ್ಯಾಯವಾದ ಪ್ರಶ್ನೆ. ಹುದ್ದೆಯ ಭರವಸೆ ಕೊಡಬೇಕೆಂದು ನಾನು ಕೇಳುತ್ತಿಲ್ಲ. ಮೂರು ವರ್ಷದಲ್ಲಿ ಮಾರುಕಟ್ಟೆ ಕುಸಿಯಬಹುದು, ವಿಭಾಗ ಮುಚ್ಚಬಹುದು. ಆದರೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಲು ಸಾಧ್ಯವಿದೆ. ಕೇಂದ್ರ ಕಚೇರಿಯಲ್ಲಿ, ನೇಮಕದ ಅಧಿಕಾರ ಇರುವ ಒಬ್ಬ ಹಿರಿಯರ ಹೆಸರು ನಿಯೋಜನೆಯ ಪತ್ರದಲ್ಲೇ ಇರಲಿ. ಅವರು ಬಿಟ್ಟು ಹೋದರೆ ಆ ಹೊಣೆ ಮುಂದೆ ಯಾರದೆಂದೂ ಬರೆದಿರಲಿ. ಅವಧಿ ಮುಗಿಯುವ ಒಂಬತ್ತು ತಿಂಗಳು ಮೊದಲು ಮಾತುಕತೆ ಶುರುವಾಗಲಿ, ಸಾಮಾನು ಕಟ್ಟುವ ತಿಂಗಳಲ್ಲಲ್ಲ. ಆ ಹಿರಿಯರ ವಾರ್ಷಿಕ ಮೌಲ್ಯಮಾಪನದಲ್ಲಿ ತಾವು ಕಳುಹಿಸಿದವರು ಮರಳಿದ ಮೇಲೆ ಏನಾದರು ಎಂಬ ಪ್ರಶ್ನೆ ಇರಲಿ. ನನಗೆ ಬಹಳ ಮುಖ್ಯವೆನಿಸಿದ್ದು ಈ ಕೊನೆಯದು. ಯಾರ ಮೌಲ್ಯಮಾಪನದಲ್ಲೂ ಇಲ್ಲದ ಕೆಲಸ ಯಾವ ಸಂಸ್ಥೆಯಲ್ಲೂ ಆಗುವುದಿಲ್ಲ.

ಮರಳಿದವರನ್ನು ಹಾಡಿ ಹೊಗಳಬೇಕಾಗಿಲ್ಲ. ಆ ದೇಶದ ವಿಷಯ ಬಂದಾಗ ಅವರನ್ನು ಕರೆದು ಕೇಳಬೇಕು, ಅವರ ನಂತರ ಅಲ್ಲಿಗೆ ಹೊರಟವರನ್ನು ಅವರ ಮುಂದೆ ಕೂರಿಸಬೇಕು, ಅಲ್ಲಿ ಅವರು ಕಟ್ಟಿದ ಪರಿಚಯಗಳನ್ನು ಕಂಪನಿಯ ಕೆಲಸಕ್ಕೆ ಬಳಸಬೇಕು. ಅವರು ಸಹಿ ಹಾಕುತ್ತಿದ್ದ ಮೊತ್ತದ ಹತ್ತಿರಕ್ಕಾದರೂ ಬರುವ ಅಧಿಕಾರ ಕೊಡಬೇಕು. ಇದರಲ್ಲಿ ಯಾವುದಕ್ಕೂ ಹೊಸ ಬಜೆಟ್ ಬೇಡ.

ಕಂಪನಿಗಳು ಇದನ್ನೆಲ್ಲ ತಾವಾಗಿ ಮಾಡುವವರೆಗೆ ಕಾಯಲಾಗದವರು, ಅಂದರೆ ಇವತ್ತು ನಿಯೋಜನೆಯ ಪತ್ರ ಕೈಯಲ್ಲಿ ಹಿಡಿದು ಕೂತವರು, ಸಹಿಗೆ ಮುನ್ನ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ. ನನ್ನ ಮರಳುವಿಕೆಗೆ ಹೊಣೆ ಯಾರು, ಅವರ ಹೆಸರೇನು? ನನಗಿಂತ ಮೊದಲು ಅಲ್ಲಿಗೆ ಹೋಗಿ ಬಂದವರು ಈಗ ಎಲ್ಲಿದ್ದಾರೆ, ಅವರೊಂದಿಗೆ ಮಾತನಾಡಬಹುದೇ? ನನ್ನ ಸಂಗಾತಿಯ ವೃತ್ತಿಯ ವಿಷಯ ನೋಡಿಕೊಳ್ಳುವವರು ಯಾರು? ಪದ್ಧತಿಯಲ್ಲಿಲ್ಲ ಎಂಬ ಉತ್ತರ ಬರಬಹುದು. ಮತ್ತೊಮ್ಮೆ ಕೇಳಿ. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೂತ ನಮ್ಮಂಥವರಿಗೂ ಇದರಿಂದ ಉಪಕಾರವಾಗುತ್ತದೆ: ಉದ್ಯೋಗಿಗಳು ಲಿಖಿತವಾಗಿ ಕೇಳಿದ ಪ್ರಶ್ನೆಗಳನ್ನು ಮೇಲಿನವರ ಮುಂದೆ ಇಡಲು ನಮಗೊಂದು ಕಾಗದವಾದರೂ ಸಿಗುತ್ತದೆ.